ನಮ್ಮೋರೇ ಅಲ್ದಾ?

ನಾನು ಸ್ವಂತವಾಗಿ ಫೋಟೊ ತೆಗೆದ ಮೊದಲ ಮದುವೆಯಲ್ಲಿ ನನಗೆ ಸಿಕ್ಕಿದ್ದು 5,000 ರೂಪಾಯಿ, ಒಂದು ತೆಂಗಿನಕಾಯಿ, ಒಂದು ಪಂಚೆ. ಆ ಮದುವೆಯ ಆಲ್ಬಮ್ ಪ್ರಿಂಟ್ ಹಾಕಿಸಲು ಹುಬ್ಬಳ್ಳಿಯ ಲ್ಯಾಬಿಗೆ ನಾನು ಕೊಟ್ಟಿದ್ದು 6,800 ರೂಪಾಯಿ.

ಅದರಲ್ಲಿ ಯಾರ ತಪ್ಪೂ ಇಲ್ಲ, ನನ್ನದೇ. 2016ರ ಏಪ್ರಿಲ್ ಅದು. ಶಿರಸಿಯಿಂದ ಬನವಾಸಿ ರಸ್ತೆಯಲ್ಲಿ ಹೋಗಿ ಒಳಗೆ ತಿರುಗಿದರೆ ಸಿಗುವ ಊರು. ದೂರದ ನೆಂಟರು, ಸಂಬಂಧದಲ್ಲಿ ನನಗೆ ದೊಡ್ಡಪ್ಪ ಆಗಬೇಕು. ಮಗಳ ಮದುವೆಯ ಫೋಟೊದ ಬಗ್ಗೆ ಮಾತಾಡಲು ಕರೆದಿದ್ದರು. ಜಗಲಿಯ ಮೇಲೆ ಕೂರಿಸಿ ಕಷಾಯ ಕೊಟ್ಟರು. ದೊಡ್ಡಪ್ಪ ಕವಳದ ಬಟ್ಟಲು ಎದುರಿಗಿಟ್ಟುಕೊಂಡು ಅಡಿಕೆ ಹೋಳು ಮಾಡುತ್ತ ಕೇಳಿದರು, "ತಮಾ, ಎಷ್ಟಾಗ್ತು?"

ಬೈಕಿನ ಮೇಲೆ ಬರುವಾಗ ದಾರಿಯುದ್ದಕ್ಕೂ "ಹದಿನೆಂಟು ಸಾವಿರ, ಹದಿನೆಂಟು ಸಾವಿರ" ಅಂತ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಬಾಯಿ ತೆರೆದರೆ ಬಂದಿದ್ದು, "ನೋಡಿ ಕೊಡಿ ದೊಡ್ಡಪ್ಪ."

"ಮತ್ತೆಂತು, ನಮ್ಮೋರೇ ಅಲ್ದಾ" ಎಂದರು ಅವರು. ಮಾತು ಮುಗಿಯಿತು.

ಅವರು ಮೋಸ ಮಾಡಲಿಲ್ಲ. ಅವರ ಲೆಕ್ಕದಲ್ಲಿ ಫೋಟೊ ಅಂದರೆ ಒಬ್ಬ ಮಾಣಿ ಬಂದು ಎರಡು ದಿನ ಓಡಾಡಿ, ಹೋಳಿಗೆ ಉಂಡು ಹೋಗುವುದು. ಅದಕ್ಕೆ 5,000 ಧಾರಾಳವೇ ಆಯಿತು. ಆಮೇಲಿನ ಹದಿನೈದು ದಿನ ಕಂಪ್ಯೂಟರ್ ಮುಂದೆ ಕೂತಿದ್ದು, ಹುಬ್ಬಳ್ಳಿಗೆ ಎರಡು ಸಲ ಬಸ್ಸಿನಲ್ಲಿ ಹೋಗಿ ಬಂದಿದ್ದು ಅವರಿಗೆ ಹೇಗೆ ಗೊತ್ತಾಗಬೇಕು? ನಾನು ಹೇಳಲೇ ಇಲ್ಲವಲ್ಲ.

ಈ ಕೆಲಸದಲ್ಲಿ ಕ್ಯಾಮೆರಾ ಹಿಡಿಯುವುದನ್ನು ಎರಡು ವರ್ಷದಲ್ಲಿ ಕಲಿತೆ. ರೇಟ್ ಹೇಳುವುದನ್ನು ಮಾತ್ರ ಇವತ್ತಿಗೂ ಸರಿಯಾಗಿ ಕಲಿತಿಲ್ಲ.

ಬಿ.ಕಾಂ. ಮುಗಿಸಿದ್ದು 2013ರಲ್ಲಿ. ಮನೆಯ ತೋಟ ಒಂದು ಎಕರೆ ಚಿಲ್ಲರೆ. ಅಣ್ಣ ಅದನ್ನು ನೋಡಿಕೊಳ್ಳುತ್ತಿದ್ದ, ಇಬ್ಬರಿಗೆ ಅದು ಸಾಲುತ್ತಿರಲಿಲ್ಲ. ಶಿರಸಿ ಪೇಟೆಯ ಒಂದು ಸ್ಟುಡಿಯೊ ಸೇರಿದೆ. ಮೊದಲ ಆರು ತಿಂಗಳು ಕ್ಯಾಮೆರಾ ಮುಟ್ಟಲಿಲ್ಲ. ಪಾಸ್‌ಪೋರ್ಟ್ ಫೋಟೊ ಕತ್ತರಿಸುವುದು, ಮದುವೆಗೆ ಹೋದರೆ ವಿಡಿಯೊ ಲೈಟ್ ಹಿಡಿಯುವುದು. ಆ ಹ್ಯಾಲೊಜನ್ ಲೈಟ್ ಎಷ್ಟು ಬಿಸಿ ಅಂದರೆ, ಹತ್ತಿರ ಹಿಡಿದರೆ ಮದುಮಗಳ ಕುಂಕುಮ ಕರಗಿ ಮೂಗಿಗೆ ಬರುತ್ತಿತ್ತು. "ಹಿಂದೆ ಸರಿ, ಹಿಂದೆ ಸರಿ" ಅಂತ ಎಲ್ಲರೂ ಬೈಯುತ್ತಿದ್ದರು. ಲೈಟನ್ನು ಎಲ್ಲಿಂದ ಹಿಡಿದರೆ ಮುಖ ಚೆನ್ನಾಗಿ ಕಾಣುತ್ತದೆ ಅನ್ನುವುದನ್ನು ಬೈಸಿಕೊಂಡೇ ಕಲಿತೆ.

2014ರ ಮಾರಿಕಾಂಬಾ ಜಾತ್ರೆಯಲ್ಲಿ ಮಾಲೀಕರು ಮೊದಲ ಸಲ ಕ್ಯಾಮೆರಾ ಕೈಗೆ ಕೊಟ್ಟರು. ಬಿಡ್ಕಿಬೈಲಿನ ಆ ಗದ್ದಲದಲ್ಲಿ ಸಾವಿರ ಫೋಟೊ ತೆಗೆದೆ. ಸಂಜೆ ಅವರು ಒಂದೊಂದಾಗಿ ನೋಡಿ, "ಜನ ಎಲ್ಲಾ ಇದ್ದಾರೆ, ಒಬ್ಬರೂ ಕಾಣ್ತಾ ಇಲ್ಲ" ಎಂದರು. ಸರಿಯಾಗಿಯೇ ಹೇಳಿದ್ದರು.

ಸ್ವಂತ ಕ್ಯಾಮೆರಾ ಬಂದಿದ್ದು 2015ರ ಕೊನೆಗೆ. ನಿಕಾನ್ ಡಿ5300. ಆ ವರ್ಷದ ಅಡಿಕೆ ದುಡ್ಡಿನಲ್ಲಿ ಅಣ್ಣ ಅರ್ಧ ಕೊಟ್ಟ. ಜೊತೆಗೆ ಬಂದ ಲೆನ್ಸ್ ಕತ್ತಲೆಯಲ್ಲಿ ಕೆಲಸಕ್ಕೆ ಬರುವುದಿಲ್ಲ ಅಂತ ಗೊತ್ತಿತ್ತು. ಹಾಗಾಗಿ ಹಳೆಯ 50 ಎಂಎಂ ಎಫ್/1.8 ಲೆನ್ಸ್ ಒಂದನ್ನು ಸೆಕೆಂಡ್ ಹ್ಯಾಂಡ್ ತಂದೆ. ಕಡಿಮೆಗೆ ಸಿಕ್ಕಿತು ಅಂತ ಖುಷಿಯಾಗಿದ್ದೆ. ಮನೆಗೆ ಬಂದು ಹಾಕಿದರೆ ಫೋಕಸ್ ಆಗುತ್ತಲೇ ಇಲ್ಲ! ಹಳೆಯ 'ಡಿ' ಲೆನ್ಸಿನೊಳಗೆ ಮೋಟಾರ್ ಇರುವುದಿಲ್ಲ, ಕ್ಯಾಮೆರಾದೊಳಗೆ ಇರಬೇಕು. ಡಿ5300ರಲ್ಲಿ ಅದಿಲ್ಲ. ಕೈಯಲ್ಲಿ ತಿರುಗಿಸಿಯೇ ಫೋಕಸ್ ಮಾಡಬೇಕು. ಹೊಸದಾಗಿ ಶುರು ಮಾಡುವವರು ಲೆನ್ಸ್ ಕೊಳ್ಳುವಾಗ ಇದೊಂದನ್ನು ನೋಡಿಕೊಳ್ಳಿ. 'ಎಎಫ್-ಎಸ್' ಅಂತ ಇರುವುದನ್ನೇ ತನ್ನಿ.

ಆ ಲೆನ್ಸ್ ಮಾರಲು ಆಗಲಿಲ್ಲ. ಅದನ್ನೇ ಹಿಡಿದು ಆ ಚಳಿಗಾಲವೆಲ್ಲ ಯಕ್ಷಗಾನಕ್ಕೆ ಹೋದೆ. ನಮ್ಮ ಕಡೆ ಆಟಕ್ಕೇನು ಬರ? ವಾರಕ್ಕೆ ಒಂದಾದರೂ ಎಲ್ಲೋ ಇರುತ್ತದೆ. ಒಂದು ರೀತಿಯಲ್ಲಿ ಅದೇ ನನ್ನ ಕಾಲೇಜು. ಅರೆಬೆಳಕು, ಕೆಂಪು ಹಳದಿ ಕಪ್ಪು ವೇಷ, ಒಂದು ಕ್ಷಣ ನಿಲ್ಲದ ಮನುಷ್ಯ. ಕತ್ತಲೆಯಲ್ಲಿ ಬೆಳಕು ಹೆಚ್ಚಿಸುವ ಐಎಸ್‌ಒ ಸಂಖ್ಯೆಯನ್ನು 3200ಕ್ಕೆ ಏರಿಸಿ, ಶಟರ್ ವೇಗ ಸೆಕೆಂಡಿನ 250ನೇ ಒಂದು ಭಾಗ ಇಟ್ಟರೆ ಕಿರೀಟ ಅಲುಗದೆ ಬರುತ್ತದೆ, ಕೈಬೆರಳು ಮಾತ್ರ ಅಲುಗುತ್ತದೆ. ನಾಲ್ಕೈದು ಆಟ ಆದಮೇಲೆ ಕಣ್ಣಿಗಿಂತ ಕಿವಿ ಜಾಸ್ತಿ ಉಪಯೋಗಕ್ಕೆ ಬರುತ್ತದೆ ಅಂತ ಗೊತ್ತಾಯಿತು. ಚೆಂಡೆಯ ಪೆಟ್ಟು ಬಿರುಸಾದರೆ ವೇಷ ಹಾರುತ್ತದೆ. ಹಾರಿದ್ದು ಕಂಡಮೇಲೆ ಬಟನ್ ಒತ್ತಿದರೆ ತಡವಾಯಿತು. ಮದುವೆಯೂ ಹಾಗೇ. ಮಂಗಲಾಷ್ಟಕದ ಕೊನೆಯ ಸಾಲು ಕಿವಿಗೆ ಬಿದ್ದರೆ ಅಂತರಪಟ ಇನ್ನೇನು ಸರಿಯುತ್ತದೆ ಅಂತ ಗೊತ್ತು. ವಾದ್ಯದವರ ಕೈ ಮೇಲೇಳುವುದಕ್ಕೆ ಮುಂಚೆ ನಾನು ನನ್ನ ಜಾಗದಲ್ಲಿ ಇರಬೇಕು.

ಜಾಗದ ವಿಷಯದಲ್ಲಿ ಪುರೋಹಿತರ ಜೊತೆ ಜಗಳ ಆಗದ ಫೋಟೊದವನನ್ನು ನಾನು ನೋಡಿಲ್ಲ. ಒಂದು ಮದುವೆಯಲ್ಲಿ ಕರಿಮಣಿ ಕಟ್ಟುವಾಗ ಯಾರದೋ ತಲೆ ಅಡ್ಡ ಬಂತು. "ಭಟ್ರೇ, ಇನ್ನೊಂದು ಸಲ ಕಟ್ಟಿಸಿ, ಫೋಟೊ ಬಂದಿಲ್ಲ" ಎಂದೆ. ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ತಮಾ, ಅದನ್ನ ಒಂದೇ ಸಲ ಕಟ್ಟದು" ಎಂದು ಮಂತ್ರ ಮುಂದುವರಿಸಿದರು. ಚಪ್ಪರವೆಲ್ಲ ನಕ್ಕಿತು. ಅವತ್ತಿನಿಂದ ಒಂದು ಪಾಠ. ಹಿಂದಿನ ದಿನ ನಾಂದಿಗೆ ಹೋದಾಗಲೇ ಭಟ್ಟರ ಹತ್ತಿರ ಕೂತು ಕೇಳಿಕೊಳ್ಳುತ್ತೇನೆ. ಧಾರೆಗೆ ಯಾವ ಕಡೆ ಮುಖ ಮಾಡಿ ನಿಲ್ಲಿಸುತ್ತೀರಿ, ಲಾಜಾಹೋಮಕ್ಕೆ ಹುಡುಗಿಯ ತಮ್ಮ ಎಲ್ಲಿ ನಿಲ್ಲುತ್ತಾನೆ, ಸಪ್ತಪದಿ ಯಾವ ದಿಕ್ಕಿಗೆ. ಕೇಳಿದರೆ ಸಂತೋಷದಿಂದ ಹೇಳುತ್ತಾರೆ. ಕೆಲವರು ನನಗೋಸ್ಕರ ಸ್ವಲ್ಪ ವಾಲಿ ಕೂರುತ್ತಾರೆ ಕೂಡ.

ಇನ್ನೊಂದು ಶತ್ರು ಚಪ್ಪರದ ಬಟ್ಟೆ. ಹಿಂದೆ ಅಂಗಳಕ್ಕೆ ಅಡಿಕೆ ಸೋಗೆಯದೋ ತೆಂಗಿನ ಗರಿಯದೋ ಚಪ್ಪರ ಇರುತ್ತಿತ್ತು. ಬೆಳಕು ಸೋಸಿ ತಣ್ಣಗೆ ಬೀಳುತ್ತಿತ್ತು. ಈಗ ಶಾಮಿಯಾನದ ಬಟ್ಟೆ. ಸಿದ್ದಾಪುರ ಕಡೆಯ ಒಂದು ಮನೆಯಲ್ಲಿ ಕೆಂಪು ಹಳದಿ ಪಟ್ಟೆಯ ಬಟ್ಟೆ ಕಟ್ಟಿದ್ದರು. ಬೆಳಗ್ಗೆ ಹನ್ನೊಂದರ ಬಿಸಿಲು ಮೇಲಿಂದ. ಕೆಳಗೆ ಕೂತ ಎಲ್ಲರೂ ಓಕುಳಿ ಆಡಿದ ಹಾಗೆ. ಮದುಮಗನ ಅರ್ಧ ಮುಖ ಕೆಂಪು, ಅರ್ಧ ಅರಿಶಿನ. ಕಾರ್ಡಿನಲ್ಲಿ ಜಾಗ ಉಳಿಯಲಿ ಅಂತ ಜೇಪೆಗ್ ಇಟ್ಟಿದ್ದೆ, ಆಮೇಲೆ ಬಣ್ಣ ತಿದ್ದಲು ಅನುಕೂಲವಾಗುವ ರಾ ಫೈಲ್ ಇಟ್ಟಿರಲಿಲ್ಲ. ಆ ಕೆಂಪು ತೆಗೆಯಲು ಹೋದರೆ ಸೀರೆ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಕೊನೆಗೆ ನಲವತ್ತು ಫೋಟೊ ಕಪ್ಪು ಬಿಳುಪು ಮಾಡಿ, "ಈಗ ಇದೇ ಫ್ಯಾಷನ್" ಅಂತ ಹೇಳಿ ಪಾರಾದೆ. ಈಗ ಬುಕಿಂಗ್ ಮಾಡುವಾಗಲೇ ಕೇಳುತ್ತೇನೆ, ಚಪ್ಪರದ ಬಟ್ಟೆ ಯಾವ ಬಣ್ಣ? ಜನಕ್ಕೆ ವಿಚಿತ್ರ ಅನಿಸುತ್ತದೆ. ಮಂಟಪದ ಮೇಲೆ ಮಾತ್ರ ಬಿಳಿ ಬಟ್ಟೆ ಕಟ್ಟಿಸಿ ಅಂದರೆ ಹೆಚ್ಚಿನವರು ಕಟ್ಟಿಸುತ್ತಾರೆ, ಖರ್ಚೇನೂ ಜಾಸ್ತಿ ಇಲ್ಲ. ಆಗಲಿಲ್ಲ ಅಂದರೆ ಭಟ್ಟರ ಬಿಳಿ ಶಾಲಿಗೆ ಹಿಡಿದು ಬಿಳಿ ಬಿಳಿಯಾಗಿಯೇ ಕಾಣುವ ಹಾಗೆ ವೈಟ್ ಬ್ಯಾಲೆನ್ಸ್ ಸರಿ ಮಾಡಿಕೊಳ್ಳುತ್ತೇನೆ.

ಹೋಮದ ಹೊಗೆಗೂ ಮೊದಮೊದಲು ಹೆದರುತ್ತಿದ್ದೆ. ಎದುರಿನಿಂದ ಫ್ಲ್ಯಾಶ್ ಹೊಡೆದರೆ ಹೊಗೆಯೇ ಬೆಳ್ಳಗೆ ಹೊಳೆದು ಮುಖ ಮುಚ್ಚುತ್ತದೆ. ಫ್ಲ್ಯಾಶ್ ಆರಿಸಿ, ಪಕ್ಕಕ್ಕೆ ಸರಿದು, ಅಂಗಳದ ಬೆಳಕು ಹೊಗೆಯ ಹಿಂದಿನಿಂದ ಬರುವ ಹಾಗೆ ನಿಂತರೆ ಅದೇ ಹೊಗೆ ಚಂದ. ಕಣ್ಣು ಉರಿಯುತ್ತದೆ, ಅದಕ್ಕೆ ಔಷಧಿ ಇಲ್ಲ.

ಈಗ ನನ್ನ ಅತಿ ಕೆಟ್ಟ ದಿನದ ವಿಷಯ. 2017ರ ಏಪ್ರಿಲ್, ಕುಮಟಾ ಹತ್ತಿರ ಒಂದು ಮದುವೆ. ರಾತ್ರಿ ದೇವಿಮನೆ ಘಟ್ಟ ಹತ್ತಿ ಬರುವಾಗ ಚಹಾ ಕುಡಿಯಲು ನಿಲ್ಲಿಸಿದೆ. ಸುಮ್ನೆ ಫೋಟೊ ನೋಡೋಣ ಅಂತ ಕ್ಯಾಮೆರಾ ಆನ್ ಮಾಡಿದರೆ, ಕಾರ್ಡ್ ಓದಲು ಆಗುತ್ತಿಲ್ಲ ಅಂತ ಬಂತು. ತೆಗೆದು ಒರೆಸಿ ಹಾಕಿದೆ. ಮತ್ತೆ ಅದೇ. ಆನ್‌ಲೈನಿನಲ್ಲಿ ಕಡಿಮೆಗೆ ಸಿಕ್ಕಿದೆ ಅಂತ ತರಿಸಿದ್ದ 32 ಜಿಬಿ ಕಾರ್ಡ್. ಡಿ5300ಕ್ಕೆ ಇರುವುದು ಒಂದೇ ಕಾರ್ಡಿನ ಜಾಗ. ಇನ್ನೊಂದು ಪ್ರತಿ ಎಲ್ಲೂ ಇಲ್ಲ. ಚಹಾ ಅಲ್ಲೇ ಬಿಟ್ಟೆ.

ಒಂದು ಬುದ್ಧಿ ಇತ್ತು. ಆ ಕಾರ್ಡಿಗೆ ಮತ್ತೆ ಏನನ್ನೂ ಬರೆಯಲಿಲ್ಲ, ಫಾರ್ಮ್ಯಾಟ್ ಮಾಡಲಿಲ್ಲ. ಮನೆಗೆ ಬಂದು ರಿಕವರಿ ಸಾಫ್ಟ್‌ವೇರ್ ಹಾಕಿ ಬೆಳಗಿನ ತನಕ ಕೂತೆ. ಸುಮಾರು 900 ಫೋಟೊದಲ್ಲಿ 412 ವಾಪಸ್ ಬಂದವು. ಗಂಡಿನ ದಿಬ್ಬಣ ಬಂದಿದ್ದು ಇತ್ತು. ಊಟ ಇತ್ತು. ಹುಡುಗಿಯನ್ನು ಕಳಿಸಿಕೊಟ್ಟಿದ್ದು ಇತ್ತು. ಅಂತರಪಟದಿಂದ ಸಪ್ತಪದಿಯ ತನಕ ಒಂದೂ ಇರಲಿಲ್ಲ.

ಫೋನಿನಲ್ಲಿ ಹೇಳಲು ಧೈರ್ಯ ಬರಲಿಲ್ಲ. ಮೂರನೇ ದಿನ ಮತ್ತೆ 60 ಕಿ.ಮೀ. ಇಳಿದು ಅವರ ಮನೆಗೇ ಹೋದೆ. ಅಂಗಳದಲ್ಲಿ ಚಪ್ಪರ ಬಿಚ್ಚುತ್ತಿದ್ದರು. ಹುಡುಗಿಯ ಅಪ್ಪ ಹಗ್ಗ ಸುತ್ತುತ್ತಿದ್ದವರು ನಾನು ಹೇಳಿದ್ದನ್ನು ಪೂರ್ತಿ ಕೇಳಿದರು. ಹಗ್ಗ ಸುತ್ತುವುದನ್ನು ಮಾತ್ರ ನಿಲ್ಲಿಸಲಿಲ್ಲ. ಬೈಯುತ್ತಾರೆ ಅಂತ ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಒಳಗಿಂದ ಅಮ್ಮ ಬಂದು ಕೇಳಿದರು, "ಹೋಗುವಾಗ ಅವಳು ನನ್ನ ಹಿಡ್ಕೊಂಡು ಅತ್ತಳಲ್ಲ, ಅದು ಇದ್ಯಾ?"

ಅದು ಇತ್ತು. ಏಳು ಫೋಟೊ.

ಮುಂಗಡ ತೆಗೆದುಕೊಂಡಿದ್ದ 15,000 ಪೂರ್ತಿ ಜಗಲಿಯ ಮೇಲಿಟ್ಟೆ. ಅಪ್ಪ ಎಣಿಸಿ, 5,000 ವಾಪಸ್ ಕೊಟ್ಟರು. ಪೆಟ್ರೋಲಿಗೆ ಅಂದರು. ಧಾರೆಯ ಭಾಗಕ್ಕೆ ವಿಡಿಯೊದಿಂದ ಚಿತ್ರ ತೆಗೆದು ಹಾಕಿದೆ. ಫುಲ್ ಎಚ್‌ಡಿ ವಿಡಿಯೊದ ಒಂದು ಚೌಕಟ್ಟು ಅಂದರೆ ಬರೀ ಎರಡು ಮೆಗಾಪಿಕ್ಸೆಲ್. ಚಿಕ್ಕದಾಗಿ ಹಾಕಿದರೆ ನಡೆಯುತ್ತದೆ, 36 ಇಂಚಿನ ಆಲ್ಬಮ್ ಪುಟಕ್ಕೆ ಹಿಗ್ಗಿಸಿದರೆ ಮುಖ ಕರಗಿಹೋಗುತ್ತದೆ. ಆ ಆಲ್ಬಮಿನಲ್ಲಿ ಮದುವೆಯೇ ಚಿಕ್ಕದಾಗಿ, ಊಟ ದೊಡ್ಡದಾಗಿ ಬಂದಿದೆ.

ಆ ಮಳೆಗಾಲದಲ್ಲಿ ಮುದ್ರಾ ಯೋಜನೆಯ ಶಿಶು ಸಾಲಕ್ಕೆ ಅರ್ಜಿ ಹಾಕಿದೆ. ಅದರಲ್ಲಿ 50,000 ತನಕ ಕೊಡುತ್ತಾರೆ, ಅಡಮಾನ ಕೇಳುವುದಿಲ್ಲ. ಬ್ಯಾಂಕಿಗೆ ಐದಾರು ಸಲ ಓಡಾಡಿಸಿದರು, ಅದು ಎಲ್ಲರ ಕಥೆ, ಬಿಡಿ. ಆ ದುಡ್ಡು, ಕೈಯಲ್ಲಿದ್ದಿದ್ದು ಸೇರಿಸಿ ಸೆಕೆಂಡ್ ಹ್ಯಾಂಡ್ ನಿಕಾನ್ ಡಿ750 ತಂದೆ. ಎರಡು ಕಾರ್ಡ್ ಹಾಕಬಹುದು, ಪ್ರತಿ ಫೋಟೊ ಎರಡಕ್ಕೂ ಬೀಳುತ್ತದೆ. ಅದರೊಳಗೆ ಮೋಟಾರ್ ಇದೆ. ನನ್ನ ಹಳೆಯ 50 ಎಂಎಂ ಲೆನ್ಸ್ ಮೊದಲ ಸಲ ತಾನಾಗಿ ಫೋಕಸ್ ಮಾಡಿದಾಗ ಆಯಿಯನ್ನು, ಅಂದರೆ ಅಮ್ಮನನ್ನು, ಕರೆದು ತೋರಿಸಿದೆ. ಆಯಿಗೆ ಏನು ಅಂತ ಗೊತ್ತಾಗಲಿಲ್ಲ.

ಮಳೆಗಾಲ ಅಂದಾಗ ನೆನಪಾಯಿತು. ಮಲೆನಾಡಿನಲ್ಲಿ ಈ ಕೆಲಸ ಮಾಡುವವರು ಬೂಷ್ಟಿನ ಬಗ್ಗೆ ಮೊದಲೇ ತಿಳಿದಿರಬೇಕು. 2016ರಲ್ಲಿ ಲೆನ್ಸನ್ನು ಚರ್ಮದ ಚೀಲದಲ್ಲಿ ಹಾಕಿ ಕಪಾಟಿನಲ್ಲಿಟ್ಟಿದ್ದೆ. ಚೌತಿ ಹೊತ್ತಿಗೆ ತೆಗೆದರೆ ಗಾಜಿನ ಒಳಗೆ ಜೇಡರ ಬಲೆಯ ಹಾಗೆ ಬೂಷ್ಟು. ಹುಬ್ಬಳ್ಳಿಯಲ್ಲಿ ಬಿಚ್ಚಿ ತೊಳೆಸಲು 2,500 ಆಯಿತು. ಈಗ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಜೊತೆಗೆ ತೇವಾಂಶ ತೋರಿಸುವ ಒಂದು ಚಿಕ್ಕ ಮೀಟರ್. ಅದು ಶೇಕಡಾ 40ರಿಂದ 50ರ ನಡುವೆ ಇರಬೇಕು. ಹೊರಗೆ ಆಷಾಢದಲ್ಲಿ 90 ದಾಟುತ್ತದೆ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಾಣಲೆಯಲ್ಲಿ ಹುರಿದರಾಯಿತು, ಮತ್ತೆ ನೀಲಿಯಾಗುತ್ತದೆ. ಆದರೆ ಅಡುಗೆಯ ಬಾಣಲೆ ಬೇಡ. ಆ ನೀಲಿ ಬಣ್ಣ ಕೋಬಾಲ್ಟಿನದು, ಹೊಟ್ಟೆಗೆ ಹೋಗಬಾರದು. ನಾನು ಗೊತ್ತಿಲ್ಲದೆ ಒಗ್ಗರಣೆ ಬಾಣಲೆಯಲ್ಲಿ ಹುರಿದು, ಆ ಬಾಣಲೆ ಇವತ್ತಿಗೂ ನನ್ನ ರೂಮಿನಲ್ಲೇ ಇದೆ.

ಡಿ750 ತಂದ ವರ್ಷವೇ ಅಣ್ಣನ ಮದುವೆಯಾಗಿ ಅತ್ತಿಗೆ ಬಂದಿದ್ದರು. ಕುಮಟಾ ಕಡೆಯವರು, ಎಂ.ಕಾಂ. ಓದಿದವರು. ಒಂದು ದಿನ ಅಡಿಕೆ ಸುಲಿಯುತ್ತ ಕೂತಿದ್ದಾಗ ಕೇಳಿದರು, "ಒಂದು ಮದುವೆಗೆ ನಿಮಗೆ ಎಷ್ಟು ಉಳಿತು?" ನಾನು ಹೆಮ್ಮೆಯಿಂದ, "ಈಗ ಇಪ್ಪತ್ತೈದು ಸಾವಿರ ತಗಳ್ತಿ" ಎಂದೆ. "ತಗಂಬದಲ್ಲ, ಉಳಿಯದು" ಎಂದರು. ನನಗೆ ಗೊತ್ತಿರಲಿಲ್ಲ. ಬಿ.ಕಾಂ. ಮಾಡಿದವನಿಗೆ!

ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂದೆ ಬರೆದರು. ಕ್ಯಾಮೆರಾ, ಲೆನ್ಸ್, ಫ್ಲ್ಯಾಶ್, ಕಂಪ್ಯೂಟರ್ ಎಲ್ಲ ಸೇರಿ ಹಾಕಿದ್ದು 2,60,000. ನಾಲ್ಕು ವರ್ಷ ಬಾಳಿಕೆ ಬಂದರೆ ವರ್ಷಕ್ಕೆ 65,000. ವರ್ಷಕ್ಕೆ 20 ಮದುವೆ ಅಂದರೆ ಒಂದಕ್ಕೆ 3,250. ನಲವತ್ತು ಶೀಟಿನ ಆಲ್ಬಮ್, ಬಾಕ್ಸ್ ಸೇರಿ 9,000. ವಿಡಿಯೊ ಮಾಡುವ ಹುಡುಗನಿಗೆ ಎರಡು ದಿನಕ್ಕೆ 5,000. ವಿಡಿಯೊ ಎಡಿಟಿಂಗ್ 4,000. ಓಡಾಟ 2,000. ಪೆನ್‌ಡ್ರೈವ್, ಹಾರ್ಡ್‌ಡಿಸ್ಕಿನ ಪಾಲು 800. ಒಟ್ಟು 24,050.

ಅಂದರೆ ಉಳಿಯುವುದು 950 ರೂಪಾಯಿ. ಎರಡು ದಿನದ ಮದುವೆ, ಹತ್ತು ಹನ್ನೆರಡು ದಿನದ ಕಂಪ್ಯೂಟರ್ ಕೆಲಸ, ಅಷ್ಟಕ್ಕೂ ಸೇರಿ. ಅತ್ತಿಗೆ ಕೈಯಲ್ಲಿದ್ದ ಅಡಿಕೆ ತೋರಿಸಿ, "ಇದನ್ನ ಸುಲದ್ರೆ ಇದಕ್ಕಿಂತ ಜಾಸ್ತಿ ಸಿಗ್ತಿತ್ತು" ಎಂದರು. ಅಣ್ಣ ನಕ್ಕ. ನನಗೆ ನಗು ಬರಲಿಲ್ಲ.

ರೇಟ್ 40,000 ಅಂತ ಅವರೇ ಬರೆದರು. ನಾನು ಹೇಳುವುದಿಲ್ಲ ಎಂದೆ. ಹೇಳಲು ಆಗುವುದೇ ಇಲ್ಲ, ಎಲ್ಲರೂ ನೆಂಟರೇ. ಮಾವ, ಚಿಕ್ಕಪ್ಪ, ಅಣ್ಣನ ಸಹಪಾಠಿ, ಆಯಿಯ ತವರಿನ ಪಕ್ಕದ ಮನೆಯವರು. "ಹಂಗಾರೆ ಫೋನ್ ನಂಗೆ ಕೊಡಿ" ಎಂದರು. ಅಲ್ಲಿಂದ ಬುಕಿಂಗ್ ನಂಬರ್ ಅತ್ತಿಗೆಯದು.

ಅವರು ರೇಟ್ ಹೇಳುವುದನ್ನು ನಾನು ಪಕ್ಕದಲ್ಲಿ ಕೂತು ಕೇಳಿದ್ದೇನೆ. ಮೊದಲು ದಿನಾಂಕ ಬರೆದುಕೊಳ್ಳುತ್ತಾರೆ. ಏನೇನು ಬೇಕು ಅಂತ ಕೇಳುತ್ತಾರೆ. ಆಮೇಲೆ, "ಎರಡು ದಿನ, ಒಬ್ಬ ಫೋಟೊಕ್ಕೆ, ಒಬ್ಬ ವಿಡಿಯೊಕ್ಕೆ, ನಲವತ್ತು ಶೀಟಿನ ಆಲ್ಬಮ್, ನಲವತ್ತು ಸಾವಿರ ಆಗ್ತು" ಅನ್ನುತ್ತಾರೆ. ಅಷ್ಟೇ. ಆಮೇಲೆ ಮಾತಾಡುವುದಿಲ್ಲ. ಆ ಕಡೆಯವರು "ನಮ್ಮೋರೇ ಅಲ್ದಾ" ಅಂದರೆ "ಹೌದು" ಅನ್ನುತ್ತಾರೆ, ಮತ್ತೆ ಸುಮ್ಮನಾಗುತ್ತಾರೆ. ನಾನಾಗಿದ್ದರೆ ಆ ಮೌನದಲ್ಲಿ ಹತ್ತು ಸಾವಿರ ಇಳಿಸಿಬಿಡುತ್ತಿದ್ದೆ.

ಮರುವರ್ಷ ಮದುವೆ 20ರಿಂದ 13ಕ್ಕೆ ಇಳಿಯಿತು. ನನಗೆ ಎದೆ ಢವಢವ. ಸೀಸನ್ ಮುಗಿದಮೇಲೆ ಲೆಕ್ಕ ಹಾಕಿದರೆ, ಸಾಮಾನಿನ ಪಾಲು ಒಂದು ಮದುವೆಗೆ 5,000ಕ್ಕೆ ಏರಿಯೂ, ಉಳಿದಿದ್ದು ಒಂದೊಂದಕ್ಕೆ 14,200. ಇಪ್ಪತ್ತು ಮದುವೆಗೆ 19,000 ಉಳಿಯುತ್ತಿದ್ದ ಕಡೆ ಹದಿಮೂರಕ್ಕೆ 1,84,600. ಬೇಸಿಗೆಯಲ್ಲಿ ನಾಲ್ಕು ದಿನ ನಿದ್ದೆಯೂ ಸಿಕ್ಕಿತು. ಮುನಿಸಿಕೊಂಡ ನೆಂಟರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಒಬ್ಬ ಮಾವ ಈಗಲೂ ಸಿಕ್ಕಾಗ "ದೊಡ್ಡ ಫೋಟೊಗ್ರಾಫರ್ ಬಂದ" ಅನ್ನುತ್ತಾರೆ.

ಅತ್ತಿಗೆ ತಂದ ಇನ್ನೊಂದು ನಿಯಮ ಹಣದ ಕಂತಿನದು. ಮೂರನೇ ಒಂದು ಭಾಗ ಬುಕಿಂಗಿಗೆ, ಒಂದು ಭಾಗ ಮದುವೆ ದಿನ, ಉಳಿದಿದ್ದು ಆಲ್ಬಮ್ ಕೊಡುವಾಗ. ಕೇಳಲು ಸರಿಯಾಗಿಯೇ ಇದೆ. ಆದರೆ ಆಲ್ಬಮ್ ಮಾಡಬೇಕಾದರೆ ಮೂರು ಸಾವಿರ ಫೋಟೊದಲ್ಲಿ ಇನ್ನೂರೈವತ್ತು ಅವರು ಆರಿಸಿ ಕೊಡಬೇಕು. ಮದುವೆಯಾದ ಜೋಡಿ ಬೆಂಗಳೂರಿಗೆ ಹೋಗಿರುತ್ತದೆ. "ಮುಂದಿನ ವಾರ ಕೂತು ನೋಡ್ತೇವೆ" ಅನ್ನುತ್ತಾರೆ. ಆ ಮುಂದಿನ ವಾರ ಮಗುವಿನ ನಾಮಕರಣದ ತನಕ ಬರುವುದಿಲ್ಲ. ಒಂದು ಆಲ್ಬಮ್ ನಿಜವಾಗಿಯೂ ಹಾಗೇ ಆಯಿತು, ಮದುವೆಯದೂ ನಾಮಕರಣದ್ದೂ ಒಟ್ಟಿಗೆ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬಂದಿಳಿದವು. ಈಗ ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದು ಸಹಿ ಮಾಡಿಸಿಕೊಳ್ಳುತ್ತೇವೆ. ಮೂವತ್ತು ದಿನದಲ್ಲಿ ಆರಿಸದಿದ್ದರೆ ನಾವೇ ಆರಿಸುತ್ತೇವೆ.

ಕರಾವಳಿಯ ಕೆಲಸ ನಿಧಾನಕ್ಕೆ ಬಂತು. ಹೊನ್ನಾವರದಲ್ಲಿ ಮೊದಲ ಸಲ ಕ್ರೈಸ್ತರ ಮನೆಯ ರೋಸ್ ಶಾಸ್ತ್ರಕ್ಕೆ ಹೋದಾಗ ಏನೂ ಗೊತ್ತಿರಲಿಲ್ಲ. ಮದುವೆಯ ಹಿಂದಿನ ಸಂಜೆ ಮದುಮಗಳಿಗೆ ತೆಂಗಿನ ಹಾಲು ಹಚ್ಚುತ್ತಾರೆ ಅಂತ ಕೇಳಿದ್ದೆ, ಅರಿಶಿನ ಹಚ್ಚುವ ಹಾಗೆ ಇರಬಹುದು ಅಂದುಕೊಂಡು ಹತ್ತಿರ ನಿಂತೆ. ಕೊನೆಯ ಹೊತ್ತಿಗೆ ಪಾತ್ರೆಯ ಹಾಲು ತಲೆಯ ಮೇಲೇ ಬಿತ್ತು. ಅವಳ ತಲೆಗೂ, ನನ್ನ ಲೆನ್ಸಿಗೂ. ತೆಂಗಿನ ಹಾಲಿನ ಜಿಡ್ಡು ಒರೆಸಿದಷ್ಟೂ ಹರಡುತ್ತದೆ. ಎ.ಸಿ. ಹಾಲ್‌ನಿಂದ ಹೊರಗೆ ಬಂದರೆ ಲೆನ್ಸಿನ ಮೇಲೆ ಮಂಜು ಕೂರುವುದೂ ಕೆಳಗಿನ ಊರುಗಳಲ್ಲೇ ಕಲಿತಿದ್ದು. ಒರೆಸಿ ಪ್ರಯೋಜನವಿಲ್ಲ, ಹದಿನೈದು ಇಪ್ಪತ್ತು ನಿಮಿಷ ಮುಂಚೆ ಕ್ಯಾಮೆರಾವನ್ನು ಚೀಲದೊಳಗೇ ಹೊರಗೆ ತಂದಿಡಬೇಕು.

ಕಾರವಾರದವರು ಕೇಳುವುದು ಡ್ರೋನ್. ಟ್ಯಾಗೋರ್ ಕಡಲತೀರ, ಕಾಳಿ ಸೇತುವೆ, ಮೇಲಿಂದ ಒಂದು ಶಾಟ್. ಅರ್ಗಾದಲ್ಲಿ ನೌಕಾನೆಲೆ ಇದೆ, ಅದರ ಸುತ್ತ ಕೆಂಪು ವಲಯ. 250 ಗ್ರಾಂಗಿಂತ ಹಗುರದ ಡ್ರೋನಿಗೆ ಪೈಲಟ್ ಪ್ರಮಾಣಪತ್ರ ಬೇಡ ಅನ್ನುವುದು ನಿಜ, ಆದರೆ ಕೆಂಪು ವಲಯದಲ್ಲಿ ಅನುಮತಿ ಇಲ್ಲದೆ ಅದೂ ಹಾರುವಂತಿಲ್ಲ. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಜಾಗ ನೋಡಿಯೇ ಹೂಂ ಅಥವಾ ಊಹೂಂ ಅನ್ನುತ್ತೇನೆ. "ಬೇರೆಯವರು ಹಾರಿಸ್ತಾರಲ್ಲ" ಅನ್ನುತ್ತಾರೆ. ಹಾರಿಸಲಿ. ಬನವಾಸಿ ದೇವಸ್ಥಾನದ್ದೂ ಹೀಗೇ, ಪುರಾತತ್ವ ಇಲಾಖೆಯ ಜಾಗ, ಟ್ರೈಪಾಡ್ ಇಡಬೇಕಾದರೆ ಅನುಮತಿ ಬೇಕು.

2020ರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಾರ್ಚಿನಿಂದ ಮೇ ತನಕ ಹಿಡಿದಿದ್ದ ಹನ್ನೊಂದು ಮದುವೆಯ ಮುಂಗಡ ವಾಪಸ್ ಕೊಟ್ಟೆ. ತೋಟದ ಕೆಲಸ ಮಾಡಿದೆ. ಆಮೇಲೆ 50 ಜನರ ಮದುವೆ ಶುರುವಾಯಿತು, ಆ ಐವತ್ತರಲ್ಲಿ ನಾವೂ ಲೆಕ್ಕ. 2024ರದು ಇನ್ನೊಂದು ಬಗೆ. ಮೇ ತಿಂಗಳಲ್ಲಿ ಗುರು, ಶುಕ್ರ ಎರಡೂ ಅಸ್ತ, ಮುಹೂರ್ತವೇ ಇಲ್ಲ. ನಮಗೆ ಮೇ ಅಂದರೆ ವರ್ಷದ ಅರ್ಧ ದುಡಿಮೆ. ಅಂದಿನಿಂದ ಹೊಸ ಪಂಚಾಂಗ ಬಂದ ದಿನವೇ ಅತ್ತಿಗೆ ಪೆನ್ಸಿಲ್ ಹಿಡಿದು ಕೂರುತ್ತಾರೆ. ತುಳಸಿ ಮದುವೆಯಿಂದ ಧನುರ್ಮಾಸದ ತನಕ ಎಷ್ಟು ದಿನ, ಮಾಘದಲ್ಲಿ ಎಷ್ಟು, ವೈಶಾಖದಲ್ಲಿ ಎಷ್ಟು. ಸಾಲದ ಕಂತನ್ನು ಅದಕ್ಕೆ ತಕ್ಕ ಹಾಗೆ ಹೊಂದಿಸಬೇಕು. ಒಳ್ಳೆಯ ಮುಹೂರ್ತದ ದಿನ ಮೂರು ಮದುವೆ ಕೇಳಿಕೊಂಡು ಬರುತ್ತವೆ, ಒಪ್ಪಿಕೊಳ್ಳುವುದು ಒಂದನ್ನೇ.

ಒಂದು ಕೆಲಸಕ್ಕೆ ಮಾತ್ರ ದುಡ್ಡು ತೆಗೆದುಕೊಳ್ಳುವುದಿಲ್ಲ. ಮದುವೆಯಾಗಿ ಒಂದೋ ಎರಡೋ ವರ್ಷಕ್ಕೆ ಫೋನ್ ಬರುತ್ತದೆ, "ಮದುವೇಲಿ ಅಜ್ಜನ ಫೋಟೊ ತೆಗೆದಿದ್ರಲ್ಲ, ಒಂದು ಸಿಗ್ತಾ?" ಯಾಕೆ ಅಂತ ಕೇಳಬೇಕಾಗಿಲ್ಲ. ಮೊದಲ ಸಲ ಅಂಥ ಫೋನ್ ಬಂದಾಗ ನನ್ನ ಹತ್ತಿರ ಇದ್ದಿದ್ದು ಅಜ್ಜ ಬಾಯಿಗೆ ಹೋಳಿಗೆ ಇಟ್ಟುಕೊಂಡಿದ್ದು ಒಂದೇ. ಈಗ ಪ್ರತಿ ಮದುವೆಯಲ್ಲೂ ಹಿರಿಯರನ್ನು ಜಗಲಿಯ ಬೆಳಕಿಗೆ ಕೂರಿಸಿ ಒಬ್ಬೊಬ್ಬರದೇ ಒಂದು ನೇರ ಫೋಟೊ ತೆಗೆದಿಡುತ್ತೇನೆ. ಎಲ್ಲ ಮದುವೆಯೂ ಎರಡು ಹಾರ್ಡ್‌ಡಿಸ್ಕಿನಲ್ಲಿದೆ. ಒಂದು ನಮ್ಮ ಮನೆಯಲ್ಲಿ, ಇನ್ನೊಂದು ಕುಮಟಾದಲ್ಲಿ ಅತ್ತಿಗೆಯ ತವರಿನಲ್ಲಿ.

ಈ ತಿಂಗಳ ಕೊನೆಗೆ ಆ ತವರಿನದೇ ಒಂದು ಮದುವೆ ಇದೆ, ಅತ್ತಿಗೆಯ ಚಿಕ್ಕಮ್ಮನ ಮಗಳದು. ಬುಕಿಂಗ್ ಆಗಿದ್ದು ಎರಡು ತಿಂಗಳ ಹಿಂದೆ. ಮೊನ್ನೆ ನೋಟ್‌ಬುಕ್ ತಿರುಗಿಸುವಾಗ ನೋಡಿದೆ. ದಿನಾಂಕ ಇದೆ, ಮುಹೂರ್ತ ಇದೆ, ಚಪ್ಪರದ ಬಟ್ಟೆ ಬಿಳಿ ಅಂತಲೂ ಬರೆದಿದೆ. ರೇಟಿನ ಜಾಗ ಖಾಲಿ. ಮುಂಗಡದ ಜಾಗವೂ ಖಾಲಿ.

"ಅತ್ತಿಗೆ, ಇದಕ್ಕೆ ಎಷ್ಟು ಹೇಳಿದ್ರಿ?" ಎಂದೆ.

ಅತ್ತಿಗೆ ದೋಸೆ ಮಗುಚುತ್ತ, ನನ್ನ ಕಡೆ ನೋಡದೆ, "ಹೇಳಿದ್ನಿಲ್ಲೆ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ನೀವೇ ಒಂದು ಫೋನ್ ಮಾಡಿ ಹೇಳಿಬಿಡಿ" ಎಂದರು.

ಮದುವೆಗೆ ಇನ್ನು ಹದಿನೆಂಟು ದಿನ ಇದೆ. ಇಬ್ಬರೂ ಫೋನ್ ಮಾಡಿಲ್ಲ.